ಸೈನಿಕರ ಮನೋವ್ಯಾಧಿಯ ಚಿಕಿತ್ಸಕರು ಮತ್ತು ವೃತ್ತಿಬಳಲಿಕೆ: ಹೊಳಲು ಸೀಮೆಯಿಂದ ಒಂದು ಚಾರಿತ್ರಿಕ ವಿವೇಚನೆ

೧

ಹೂವಿನಹಡಗಲಿ ತಾಲ್ಲೂಕಿನ ಊರುಗಳಲ್ಲಿ ಸಂಚರಿಸುವ ಇತಿಹಾಸದ ವಿದ್ಯಾರ್ಥಿಗೆ ವೀರಗಲ್ಲುಗಳು ಹೊಸವಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ—ಈ ಕ್ರಮವು ಕನ್ನಡ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದುದು. ಕಾಳಗದಲ್ಲಿ ಮಡಿದವನಿಗೆ ಹೀಗೆ ಕಲ್ಲು ನಿಂತಿತು. ಕಾಳಗದಿಂದ ಜೀವಸಹಿತ ಮರಳಿ, ಕಂಡುದನ್ನು ಮರೆಯಲಾರದೆ ಉಳಿದ ವಯಸ್ಸನ್ನು ಕಳೆದವನಿಗೆ ಅಂಥ ಕಲ್ಲು ನಿಲ್ಲಲಿಲ್ಲ. ಅವನ ಬಳಿಯಲ್ಲಿ ಕುಳಿತು ಅವನನ್ನು ಉಪಚರಿಸಿದವರ ವಿಚಾರವಾಗಿ ನಮ್ಮ ಪ್ರಾಚೀನ ದಾಖಲೆಗಳಿಂದ ದೊರೆಯುವುದು ಇನ್ನೂ ಅಲ್ಪ. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನದಿಂದ ಅಲ್ಲಿ ಅನಾಥರಾದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದ ಸಂಗತಿ ತಿಳಿದುಬರುತ್ತದೆ. ಆದರೆ ಚಿಕಿತ್ಸೆ ಮಾಡಿದವರ ದುಡಿಮೆಯ ಭಾರವೆಷ್ಟು, ಆ ಭಾರವನ್ನು ಅವರು ಹೇಗೆ ಹೊತ್ತರು ಎಂಬ ಪ್ರಶ್ನೆಗಳನ್ನು ಕೇಳಲು ಬೇರೆ ಕಾಲದ, ಬೇರೆ ಬಗೆಯ ಆಧಾರಗಳ ಕಡೆಗೆ ತಿರುಗಬೇಕಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಒಂದು ಮಿತಿಯೊಳಗೆ ವಿಚಾರಿಸಲು ಯತ್ನಿಸಿದ್ದೇವೆ. ಯುದ್ಧದಿಂದ ಮರಳಿದವರ ಮನೋವ್ಯಾಧಿಗೆ ಚಿಕಿತ್ಸೆ ನೀಡುವವರಲ್ಲಿ ಕಾಲಕ್ರಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಬಳಲಿಕೆಯಿದೆ. ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎಂದು ಕರೆಯಲಾಗುವ ಇದನ್ನು ನಾವು ‘ವೃತ್ತಿಬಳಲಿಕೆ’ ಎಂದು ಕರೆಯುತ್ತೇವೆ. ಬರಿಯ ದಣಿವು ಒಂದು ರಾತ್ರಿಯ ನಿದ್ದೆಯಿಂದ ಹೋಗುವಂಥದು. ಇದು ಹಾಗೆ ಹೋಗುವುದಿಲ್ಲ. ಕೆಲಸದಿಂದಲೇ ಹುಟ್ಟಿ, ಕೆಲಸದ ಮೇಲಿನ ನಂಬಿಕೆಯನ್ನೇ ತಿಂದುಹಾಕುತ್ತದೆ. ಅದರ ಕಾರಣಗಳು ಯಾವುವು, ಆ ಕಾರಣಗಳು ಚಿಕಿತ್ಸಕನ ಒಳಗಿರುವುವೋ ಅವನು ದುಡಿಯುವ ವ್ಯವಸ್ಥೆಯಲ್ಲಿರುವುವೋ ಎಂಬುದೇ ಇಲ್ಲಿಯ ಮುಖ್ಯ ವಿಚಾರ.

ವಿಚಾರಕ್ಕೆ ಹೊಳಲು ಗ್ರಾಮವನ್ನು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಅನಂತಶಯನನ ಮೂರ್ತಿಯಿಂದ ಹೆಸರಾದ ಈ ಊರು ಇಂದು ವಿಜಯನಗರ ಜಿಲ್ಲೆಗೆ ಸೇರಿದ್ದರೂ ೨೦೨೧ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಮನೋವೈದ್ಯವನ್ನು ದೊಡ್ಡ ಆಸ್ಪತ್ರೆಯ ಗೋಡೆಯಿಂದ ಹೊರತಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ದ, ಭಾರತಕ್ಕೆಲ್ಲ ಮಾದರಿಯಾದ ಪ್ರಯೋಗವು ನಡೆದುದು ಈ ಬಳ್ಳಾರಿ ಜಿಲ್ಲೆಯಲ್ಲಿಯೇ. ಪಾಶ್ಚಾತ್ಯ ದೇಶಗಳಲ್ಲಿ ಸೈನಿಕರ ಚಿಕಿತ್ಸಕರ ವಿಚಾರವಾಗಿ ತಿಳಿದುಬಂದುದನ್ನು ಈ ಪ್ರಯೋಗದ ಅನುಭವದೊಡನೆ ಇಟ್ಟು ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ ಎಂಬುದು ನಮ್ಮ ನಂಬಿಕೆ.

೨

ಮೊದಲು ಶಬ್ದದ ಚರಿತ್ರೆಯನ್ನು ಗಮನಿಸುವುದು ಯುಕ್ತ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೫ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಪತ್ರಿಕೆಯಲ್ಲಿ ಬಳಸಿದರು. ಸಿಡಿಗುಂಡಿನ ಸ್ಫೋಟದಿಂದ ಮೆದುಳಿಗೆ ಪೆಟ್ಟಾಗಿ ರೋಗ ಬರುತ್ತದೆಂಬ ಊಹೆ ಆ ಹೆಸರಿನ ಹಿಂದೆ ಇದ್ದಿತು. ಸ್ಫೋಟದ ಸಮೀಪದಲ್ಲಿ ಇಲ್ಲದವರಲ್ಲಿಯೂ ರೋಗ ಕಾಣಿಸಿಕೊಂಡಾಗ ಆ ಊಹೆ ಸಡಿಲವಾಯಿತು. ಎರಡನೆಯ ಮಹಾಯುದ್ಧದಲ್ಲಿ, ೧೯೪೩ರಲ್ಲಿ, ಟ್ಯುನೀಷಿಯದಲ್ಲಿದ್ದ ಅಮೆರಿಕದ ಎರಡನೆಯ ಸೇನಾದಳದ ಅಧಿಪತಿಯಾದ ಜನರಲ್ ಬ್ರ್ಯಾಡ್ಲಿಯವರು ಇಂಥ ಎಲ್ಲ ರೋಗಿಗಳಿಗೂ ಮೊದಲ ನಿದಾನವಾಗಿ ‘ಬಳಲಿಕೆ’ ಎಂದೇ ಬರೆಯಬೇಕೆಂದು ಆಜ್ಞೆ ಮಾಡಿದರು. ಹುಚ್ಚು ಎಂಬ ಕಳಂಕ ತಟ್ಟಬಾರದು, ವಿಶ್ರಾಂತಿಯಿಂದ ಗುಣವಾಗುವುದೆಂಬ ಭರವಸೆ ಉಳಿಯಬೇಕು ಎಂಬುದು ಅದರ ಆಶಯ.

ಆ ಯುದ್ಧ ಮುಗಿದ ಬಳಿಕ ೧೯೪೬ರಲ್ಲಿ ಅಪೆಲ್ ಮತ್ತು ಬೀಬ್ ಎಂಬ ವಿದ್ವಾಂಸರು ಪ್ರಕಟಿಸಿದ ಲೇಖನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪದಾತಿ ಸೈನಿಕನು ಎಷ್ಟೇ ಧೈರ್ಯಶಾಲಿಯಾಗಿದ್ದರೂ ಒಟ್ಟು ಸುಮಾರು ೨೦೦ರಿಂದ ೨೪೦ ದಿನಗಳ ಕಾಳಗದ ಬಳಿಕ ಕುಸಿಯುತ್ತಾನೆಂದು ಅವರು ಲೆಕ್ಕ ಹಾಕಿದರು. ಕುಸಿಯುವುದು ಹೇಡಿತನವಲ್ಲ, ಎಲ್ಲರಿಗೂ ಒಂದು ಮಿತಿಯುಂಟು, ಆದುದರಿಂದ ಮಿತಿ ಮುಟ್ಟುವ ಮೊದಲೇ ಸೈನಿಕನನ್ನು ಮುಂಚೂಣಿಯಿಂದ ಹಿಂದಕ್ಕೆ ತರಬೇಕು. ಸೈನಿಕನ ವಿಚಾರದಲ್ಲಿ ಈ ತತ್ತ್ವವು ಕ್ರಮೇಣ ಅಂಗೀಕೃತವಾಯಿತು. ಅವನಿಗೆ ಚಿಕಿತ್ಸೆ ಮಾಡುವವನಿಗೂ ಅಂಥದೇ ಒಂದು ಮಿತಿಯಿರಬಹುದೆಂಬ ವಿಚಾರ ಬರಲು ಮಾತ್ರ ಇನ್ನೂ ಮೂವತ್ತು ವರ್ಷಗಳು ಬೇಕಾದವು. ಸೈನಿಕನ ರೋಗಕ್ಕೆ ಇಟ್ಟಿದ್ದ ಬಳಲಿಕೆಯೆಂಬ ಹೆಸರೇ ಕೊನೆಗೆ ಅವನ ಚಿಕಿತ್ಸಕನ ಸ್ಥಿತಿಗೂ ಸಲ್ಲುವಂತಾದುದು ವಿಚಾರಾರ್ಹವಾಗಿದೆ.

೩

ಚಿಕಿತ್ಸಕನ ಸಂಕಟದ ಕುರುಹುಗಳು ಅದಕ್ಕೂ ಮೊದಲೇ ದೊರೆಯುತ್ತವೆ. ಇಲ್ಲಿ ನಮಗೆ ಸ್ಮರಣೀಯರಾದವರು ಡಬ್ಲ್ಯೂ. ಎಚ್. ಆರ್. ರಿವರ್ಸ್. ನೀಲಗಿರಿಯ ತೋಡರ ನಡುವೆ ೧೯೦೧–೦೨ರಲ್ಲಿ ಕ್ಷೇತ್ರಕಾರ್ಯ ನಡೆಸಿ ೧೯೦೬ರಲ್ಲಿ ಅವರ ವಿಚಾರವಾಗಿ ಗ್ರಂಥ ಬರೆದ ಮಾನವಶಾಸ್ತ್ರಜ್ಞರೆಂದು ದಕ್ಷಿಣ ಭಾರತದ ಓದುಗರಿಗೆ ಅವರ ಪರಿಚಯವುಂಟು. ಅವರೇ ೧೯೧೬ರ ಕೊನೆಯಿಂದ ೧೯೧೭ರ ಕೊನೆಯವರೆಗೆ ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಯುದ್ಧದಿಂದ ಮನಸ್ಸು ಮುರಿದು ಬಂದ ಸೇನಾಧಿಕಾರಿಗಳಿಗೆ ಚಿಕಿತ್ಸೆ ಮಾಡಿದರು. ಯುದ್ಧ ಮುಗಿಯುವುದರೊಳಗೆ ೧,೭೦೦ಕ್ಕೂ ಹೆಚ್ಚು ಅಧಿಕಾರಿಗಳು ಆ ಆಸ್ಪತ್ರೆಯನ್ನು ಹಾದುಹೋದರು. ಅಲ್ಲಿದ್ದ ವೈದ್ಯರಾದರೋ ಬೆರಳೆಣಿಕೆಯಷ್ಟು ಮಂದಿ.

ರಿವರ್ಸರ ಕಷ್ಟ ಕೇವಲ ಸಂಖ್ಯೆಯದಾಗಿರಲಿಲ್ಲ. ರೋಗಿಯು ಕಂಡ ಭಯಂಕರವನ್ನು ಅವನಿಂದಲೇ ಹೇಳಿಸಿ, ಅದನ್ನು ಅವನೊಡನೆ ಕುಳಿತು ಕೇಳುವುದು ಅವರ ಚಿಕಿತ್ಸೆಯ ವಿಧಾನ. ಹಾಗೆ ಗುಣವಾದವನನ್ನು ಪುನಃ ಯುದ್ಧಭೂಮಿಗೆ ಕಳಿಸುವುದು ಅವರ ಸೈನಿಕ ಕರ್ತವ್ಯ. ಅವರ ಮರಣಾನಂತರ ೧೯೨೩ರಲ್ಲಿ ಪ್ರಕಟವಾದ, ಸ್ವಪ್ನಗಳನ್ನು ಕುರಿತ ಗ್ರಂಥದಲ್ಲಿ ಅವರು ತಮ್ಮದೇ ಒಂದು ಕನಸನ್ನು ಬಿಡಿಸಿ ನೋಡಿದ್ದಾರೆ. ಯುದ್ಧವನ್ನು ವಿರೋಧಿಸಿದ ಒಬ್ಬ ರೋಗಿಯ ಮಾತುಗಳು ತಮ್ಮ ಕರ್ತವ್ಯಬುದ್ಧಿಯೊಡನೆ ಹೇಗೆ ಸೆಣಸಾಡಿದುವೆಂಬುದನ್ನು ಅಲ್ಲಿ ಮರೆಮಾಚದೆ ಬರೆದಿದ್ದಾರೆ. ಒಬ್ಬನೇ ವ್ಯಕ್ತಿಯು ರೋಗಿಯ ಆಪ್ತನೂ ಸರ್ಕಾರದ ಅಧಿಕಾರಿಯೂ ಆಗಬೇಕಾದ ಈ ಇಮ್ಮಡಿ ಹೊಣೆಯನ್ನು ವೃತ್ತಿಬಳಲಿಕೆಯ ಪ್ರಾಚೀನ ಕಾರಣಗಳಲ್ಲಿ ಒಂದೆಂದು ಎಣಿಸಬೇಕು.

ಮುಂದೆ ೧೯೭೪ನೆಯ ಇಸವಿ ಈ ಚರಿತ್ರೆಯಲ್ಲಿ ಮಹತ್ತ್ವದ್ದು. ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆಯಾಗಿದ್ದ ಸಾರಾ ಹೇಲಿಯವರು ವಿಯಟ್ನಾಮಿನಿಂದ ಮರಳಿದವರ ಚಿಕಿತ್ಸೆಯನ್ನು ಕುರಿತು ಆ ವರ್ಷ ಒಂದು ಲೇಖನ ಪ್ರಕಟಿಸಿದರು. ರೋಗಿಯು ತಾನು ಕಂಡ ಅಥವಾ ತಾನೇ ಮಾಡಿದ ಕ್ರೌರ್ಯವನ್ನು ಹೇಳಿದಾಗ ಚಿಕಿತ್ಸಕನಿಗೆ ಏನಾಗುತ್ತದೆಂಬುದೇ ಅದರ ವಿಷಯ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಸೈನಿಕನು ಮೈ ಲಾಯ್ ಗ್ರಾಮದ ಹತ್ಯಾಕಾಂಡವನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಗಳು ಅದನ್ನು ರೋಗಿಯ ಭ್ರಮೆಯೆಂದು ತೀರ್ಮಾನಿಸಿದ್ದರು. ಕೇಳುವುದು ಕಷ್ಟ, ಕೇಳಿದುದನ್ನು ತನ್ನವರೇ ನಂಬದಿದ್ದಾಗ ಕೇಳಿದವರ ಕಷ್ಟ ಇಮ್ಮಡಿಯಾಗುತ್ತದೆ.

ಅದೇ ವರ್ಷ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು ‘ಬರ್ನ್‌ಔಟ್’ ಎಂಬ ಮಾತನ್ನು ಶಾಸ್ತ್ರೀಯ ಚರ್ಚೆಗೆ ತಂದರು. ಹಗಲು ತಮ್ಮ ವೃತ್ತಿ, ಸಂಜೆಯ ಬಳಿಕ ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದ ಸೇವೆ—ಹೀಗೆ ದುಡಿದು ತಾವೇ ಕುಸಿದುದು ಅವರ ಅನುಭವ. ಹೆಚ್ಚು ಶ್ರದ್ಧೆಯಿಂದ ದುಡಿಯುವವರೇ ಬೇಗ ಬಳಲುತ್ತಾರೆಂಬ ಅವರ ಮಾತು ಇಂದಿಗೂ ಸ್ಮರಣೀಯ. ಬಳಿಕ ಕ್ರಿಸ್ಟೀನಾ ಮ್ಯಾಸ್ಲಾಕ್ ಅವರು ಈ ಸ್ಥಿತಿಯ ಮೂರು ಲಕ್ಷಣಗಳನ್ನು ಗುರುತಿಸಿ ೧೯೮೧ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಮೊದಲನೆಯದು, ಭಾವವು ಬತ್ತಿಹೋಗುವುದು. ಎರಡನೆಯದು, ಎದುರಿಗಿರುವ ರೋಗಿಯನ್ನು ಮನುಷ್ಯನೆಂದು ಕಾಣದೆ ಒಂದು ಕಡತವೆಂಬಂತೆ ಕಾಣತೊಡಗುವುದು. ಮೂರನೆಯದು, ತಾನು ಮಾಡಿದ ಕೆಲಸದಿಂದ ಯಾರಿಗೂ ಏನೂ ಆಗಲಿಲ್ಲವೆನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಸ್ಥಾನ ಕೊಟ್ಟಿತು. ಆದರೆ ರೋಗವೆಂದು ಹೇಳದೆ, ದುಡಿಮೆಯಿಂದ ಹುಟ್ಟುವ ವಿದ್ಯಮಾನವೆಂದು ಹೇಳಿತು. ಈ ಭೇದವು ನಮ್ಮ ವಿಚಾರಕ್ಕೆ ಮುಖ್ಯವಾದುದು.

೪

ಸೈನಿಕರ ಚಿಕಿತ್ಸಕರನ್ನೇ ಕುರಿತು ನಡೆದ ಪರಿಶೀಲನೆಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಇಲಾಖೆಗೆ ಸೇರಿದ ಚಿಕಿತ್ಸಾಲಯಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದುದು ಗಮನಾರ್ಹ. ಯುದ್ಧಾಘಾತದ ರೋಗಿಗಳನ್ನು ನೋಡುತ್ತಿದ್ದ ಚಿಕಿತ್ಸಕರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ತೀವ್ರವಾದ ಬಳಲಿಕೆ ಕಂಡುಬಂದಿತು. ಹೆಚ್ಚುಕಡಮೆ ಅಷ್ಟೇ ಮಂದಿಯಲ್ಲಿ ಕೆಲಸದ ಬಗೆಗೆ ಬೇಸರವೂ ಅಪನಂಬಿಕೆಯೂ ಬೆಳೆದಿದ್ದುವು. ಆದರೂ ತಮ್ಮ ಕೈಯಲ್ಲಿ ಕೆಲಸ ಆಗುತ್ತಿಲ್ಲವೆಂದು ಭಾವಿಸಿದವರು ಕೆಲವರೇ. ಎಂದರೆ, ವಿದ್ಯೆಯಲ್ಲಿ ನಂಬಿಕೆ ಹೋಗಿರಲಿಲ್ಲ. ವಿದ್ಯೆಯನ್ನು ನಡೆಸಬೇಕಾದ ಪರಿಸ್ಥಿತಿಯಲ್ಲಿ ಹೋಗಿದ್ದಿತು. ಬಳಲಿಕೆಯೊಡನೆ ಸಂಬಂಧ ತೋರಿದ ಸಂಗತಿಗಳಲ್ಲಿ ಕೆಲಸದ ಹೊರೆ ಮತ್ತು ಕಚೇರಿಯ ಆಡಳಿತಕ್ಕೆ ಸೇರಿದ ತೊಡಕುಗಳು ಮುಖ್ಯವಾಗಿದ್ದುವು.

ಇದುವರೆಗೆ ನೋಡಿದ ಆಧಾರಗಳಿಂದ ವೃತ್ತಿಬಳಲಿಕೆಯ ಕಾರಣಗಳನ್ನು ನಾವು ಐದು ಬಗೆಯಾಗಿ ವಿಂಗಡಿಸಬಹುದು. ಒಂದು, ರೋಗಿಗಳ ಸಂಖ್ಯೆಗೂ ಚಿಕಿತ್ಸಕರ ಸಂಖ್ಯೆಗೂ ಇರುವ ಅಂತರ. ಎರಡು, ಕೇಳಬೇಕಾದ ವೃತ್ತಾಂತದ ಭಾರ. ಮೂರು, ರೋಗಿಯ ಹಿತ ಮತ್ತು ಸರ್ಕಾರದ ಅಪೇಕ್ಷೆ ಎಂಬ ಇಮ್ಮಡಿ ಹೊಣೆ. ಯುದ್ಧಕಾಲದಲ್ಲಿ ಅದು ರೋಗಿಯನ್ನು ಮುಂಚೂಣಿಗೆ ಮರಳಿಸುವ ಪ್ರಶ್ನೆಯಾಗಿದ್ದರೆ, ಶಾಂತಿಕಾಲದಲ್ಲಿ ಪಿಂಚಣಿಯ ಪ್ರಶ್ನೆಯಾಗುತ್ತದೆ. ರೋಗಿಯು ನಿಜವಾಗಿ ನರಳುತ್ತಿದ್ದಾನೋ, ಪಿಂಚಣಿಗಾಗಿ ನಟಿಸುತ್ತಿದ್ದಾನೋ ಎಂಬ ಸಂಶಯವನ್ನು ಚಿಕಿತ್ಸಕನು ಹೊರಬೇಕಾದಾಗ ಆಪ್ತತೆಗೆ ಎಡೆಯಿರುವುದಿಲ್ಲ. ನಾಲ್ಕು, ಏಕಾಂತ, ಕೇಳಿದುದನ್ನು ಹೇಳಿಕೊಳ್ಳಲು ಹಿರಿಯರಾಗಲಿ ಸಹೋದ್ಯೋಗಿಗಳಾಗಲಿ ಇಲ್ಲದಿರುವುದು. ಐದು, ತನ್ನ ಕೆಲಸದ ಕ್ರಮವನ್ನು ತಾನು ನಿರ್ಣಯಿಸಲಾಗದಿರುವುದು. ಕಾಗದಪತ್ರ, ವರದಿ, ವರ್ಗಾವಣೆಗಳ ಕಾಟವು ಇದರಲ್ಲಿಯೇ ಸೇರುತ್ತದೆ.

ಈ ಐದರಲ್ಲಿ ಎರಡನೆಯದು ಮಾತ್ರ ವೃತ್ತಿಯ ಸ್ವಭಾವಕ್ಕೆ ಸೇರಿದ್ದು, ಅದನ್ನು ತಪ್ಪಿಸಲಾಗದು. ಉಳಿದ ನಾಲ್ಕೂ ಮನುಷ್ಯರು ಏರ್ಪಡಿಸಿದುವು. ಆದುದರಿಂದ ಮನುಷ್ಯರು ಬದಲಾಯಿಸಬಹುದಾದುವು. ಪರರ ದುಃಖವನ್ನು ದಿನವೂ ಕೇಳುವುದೇ ಬಳಲಿಕೆಗೆ ಸಾಕಾದ ಕಾರಣವಲ್ಲವೆ ಎಂದು ಆಕ್ಷೇಪಿಸಬಹುದು. ಅದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೇಳಿದ ದುಃಖವನ್ನು ಇಳಿಸಿಕೊಳ್ಳಲು ಬಿಡುವೂ ಜೊತೆಯೂ ಇರುವಲ್ಲಿ ಅದೇ ಭಾರವನ್ನು ವರ್ಷಗಟ್ಟಲೆ ಹೊತ್ತವರುಂಟು. ಈ ಮಾತನ್ನು ನಮ್ಮ ನಾಡಿನ ಚರಿತ್ರೆಯಲ್ಲಿ ಪರೀಕ್ಷಿಸಿ ನೋಡಬಹುದು.

೫

ಹೊಳಲು ಸೀಮೆಯ ಜನರಿಗೆ ಮನೋವೈದ್ಯವು ಬಹುಕಾಲ ದೂರದ ವಸ್ತುವಾಗಿದ್ದಿತು. ೧೯೫೩ರ ಅಕ್ಟೋಬರ್ ೧ರವರೆಗೆ ಬಳ್ಳಾರಿ ಜಿಲ್ಲೆಯು ಮದರಾಸಿಗೆ ಸೇರಿದ್ದಿತಾದುದರಿಂದ ಸರ್ಕಾರದ ಲೆಕ್ಕದಲ್ಲಿ ಇಲ್ಲಿಯ ರೋಗಿಗೆ ಗೊತ್ತಾದ ಸ್ಥಳ ಮದರಾಸಿನ ಕಿಲ್ಪಾಕದ ಆಸ್ಪತ್ರೆ. ತುಂಗಭದ್ರೆಯನ್ನು ದಾಟಿದರೆ ಧಾರವಾಡ ಜಿಲ್ಲೆ. ಧಾರವಾಡದಲ್ಲಿ ೧೮೪೫ರಿಂದಲೂ ಮಾನಸಿಕ ರೋಗಿಗಳ ಆಶ್ರಯವೊಂದಿದ್ದಿತು. ಆದರೆ ಅದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು. ದಕ್ಷಿಣದಲ್ಲಿ ಬೆಂಗಳೂರಿನ ಆಶ್ರಯವು ೧೮೪೮ರ ಸುಮಾರಿನಿಂದ ಬೆಳೆದು, ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದು, ಮುಂದಿನ ದಶಕದಲ್ಲಿ ಹೊಸ ಕಟ್ಟಡಗಳಿಗೆ ಬಂದಿತು. ಅದಾದರೋ ಮೈಸೂರು ಸಂಸ್ಥಾನದ್ದು. ಮೂರು ಆಡಳಿತಗಳ ಅಂಚಿನಲ್ಲಿದ್ದ ಇಂಥ ಊರುಗಳಲ್ಲಿ ಮನಸ್ಸು ಕೆಟ್ಟವರ ಆರೈಕೆಯು ಮನೆಯವರಿಗೂ, ದೇವಸ್ಥಾನ ದರ್ಗಾಗಳ ಜಗಲಿಗೂ ಉಳಿದುದು ಆಶ್ಚರ್ಯವಲ್ಲ.

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯಕ್ಕೆ ಸೇರಿದವರ ಸಂಖ್ಯೆ ಸುಮಾರು ೨೫ ಲಕ್ಷ. ಅವರು ಮರಳಿ ಬಂದ ದೇಶದಲ್ಲಿ ಮನೋವೈದ್ಯದ ಸ್ಥಿತಿ ಹೇಗಿದ್ದಿತೆಂಬುದನ್ನು ೧೯೪೬ರ ಭೋರ್ ಸಮಿತಿಯ ವರದಿ ತಿಳಿಸುತ್ತದೆ. ಸುಮಾರು ೪೦ ಕೋಟಿ ಜನರಿಗೆ ೧೯ ಮಾನಸಿಕ ಆಸ್ಪತ್ರೆಗಳು. ಅವುಗಳಲ್ಲಿ ೧೦,೧೮೧ ಹಾಸಿಗೆಗಳು. ಅಂದರೆ ೪೦,೦೦೦ ಜನರಿಗೆ ಒಂದು ಹಾಸಿಗೆ. ಇಂಗ್ಲೆಂಡಿನಲ್ಲಿ ಸುಮಾರು ೩೦೦ ಜನರಿಗೆ ಒಂದಿದ್ದಿತು. ಈ ಸಮಿತಿಗಾಗಿ ಆಸ್ಪತ್ರೆಗಳನ್ನು ಪರಿಶೀಲಿಸಿದ ಮೂರ್ ಟೇಲರ್ ಅವರು ಅವುಗಳ ಸ್ಥಿತಿಯನ್ನು ಕಠಿಣವಾಗಿ ಟೀಕಿಸಿದರು. ಚಿಕಿತ್ಸೆಗಿಂತ ಕಾವಲೇ ಹೆಚ್ಚಾಗಿದ್ದ ಮನೆಗಳವು. ಇಂಥಲ್ಲಿ ದುಡಿದ ವೈದ್ಯನೂ ಪರಿಚಾರಕನೂ ಎಷ್ಟು ಬಳಲಿದ್ದರೆಂಬುದನ್ನು ಅಳೆದವರಿಲ್ಲ. ರೋಗಿಯನ್ನು ಮನುಷ್ಯನೆಂದು ಕಾಣದಿರುವುದು ಬಳಲಿಕೆಯ ಲಕ್ಷಣವೆಂಬುದನ್ನು ಒಪ್ಪಿದರೆ, ಹಳೆಯ ಆಶ್ರಯಗಳ ನಿಷ್ಠುರತೆಯನ್ನು ನಾವು ಇನ್ನೊಂದು ದೃಷ್ಟಿಯಿಂದಲೂ ಓದಬೇಕಾಗುತ್ತದೆ. ಅದು ಕೇವಲ ಕ್ರೂರರ ಕೃತ್ಯವಾಗಿರದೆ, ಮಿತಿಮೀರಿದ ಹೊರೆ ಹೊತ್ತವರು ಕಲ್ಲಾದ ಕಥೆಯೂ ಆಗಿರಬಹುದು. ಇದರಿಂದ ರೋಗಿಗೆ ಆದ ಅನ್ಯಾಯವು ಕಡಮೆಯಾಗುವುದಿಲ್ಲ. ಅದರ ಕಾರಣ ಮಾತ್ರ ಸ್ಪಷ್ಟವಾಗುತ್ತದೆ.

ಭೋರ್ ಸಮಿತಿಯ ಶಿಫಾರಸಿನ ಫಲವಾಗಿ ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ೧೯೭೪ರ ಡಿಸೆಂಬರಿನಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಸಾರಾ ಹೇಲಿಯವರ ಮತ್ತು ಫ್ರಾಯ್ಡನ್‌ಬರ್ಗರ್ ಅವರ ಲೇಖನಗಳು ಬಂದ ವರ್ಷವೂ ಅದೇ. ಇದು ಆಕಸ್ಮಿಕ, ಆದರೆ ಅತ್ತ ಚಿಕಿತ್ಸಕನ ಮಿತಿಯ ಚರ್ಚೆ ಆರಂಭವಾದಾಗ ಇತ್ತ ಚಿಕಿತ್ಸಕರನ್ನು ತಯಾರಿಸುವ ಕೆಲಸವೇ ಇನ್ನೂ ನೆಲೆಗೊಳ್ಳುತ್ತಿದ್ದಿತೆಂಬುದನ್ನು ಅದು ನೆನಪಿಗೆ ತರುತ್ತದೆ.

೬

ತಜ್ಞರ ಸಂಖ್ಯೆ ಹೆಚ್ಚುವವರೆಗೆ ಹಳ್ಳಿಗಳು ಕಾಯಲಾರವೆಂಬ ವಿವೇಕದಿಂದ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ವಿಭಾಗವು ಬೆಂಗಳೂರು ಸಮೀಪದ ಸಕಲವಾರದಲ್ಲಿ ೧೯೭೦ರ ದಶಕದ ಉತ್ತರಾರ್ಧದಲ್ಲಿ ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಕಾಲದ ಶಿಕ್ಷಣ ಕೊಟ್ಟರೆ ಅವರೇ ಮುಖ್ಯವಾದ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ನಡೆಸಬಲ್ಲರೆಂದು ಅಲ್ಲಿ ಸಿದ್ಧವಾಯಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಂಗೀಕೃತವಾದ ಮೇಲೆ, ಇಡೀ ಒಂದು ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಲು ಬಳ್ಳಾರಿಯನ್ನು ಆರಿಸಲಾಯಿತು. ೧೯೮೫ರಿಂದ ೧೯೯೦ರವರೆಗೆ, ೧೯೮೧ರ ಜನಗಣತಿಯಂತೆ ಸುಮಾರು ೧೫ ಲಕ್ಷ ಜನಸಂಖ್ಯೆಯಿದ್ದ ಈ ಜಿಲ್ಲೆಯಲ್ಲಿ ಕಾರ್ಯ ನಡೆಯಿತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳೆಲ್ಲ ಆಗ ಈ ಜಿಲ್ಲೆಯೊಳಗಿದ್ದುವು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಮೊದಲಾದವರ ಹೆಸರುಗಳು ಈ ಕಾಲದ ಸಮುದಾಯ ಮನೋವೈದ್ಯದೊಡನೆ ಸೇರಿಕೊಂಡಿವೆ.

ಪ್ರಯೋಗದ ಅಂಗಗಳನ್ನು ಗಮನಿಸಿದರೆ ಅದರ ಕರ್ತೃಗಳು ರೋಗಿಯ ಜೊತೆಗೆ ಕೆಲಸಗಾರನ ವಿಚಾರವನ್ನೂ ಮಾಡಿದ್ದರೆಂದು ಕಾಣುತ್ತದೆ. ಕಲಿಸಿದುದು ಎಲ್ಲ ರೋಗಗಳನ್ನಲ್ಲ. ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯ ಮುಂತಾಗಿ ಆದ್ಯತೆಯ ಕೆಲವನ್ನು ಮಾತ್ರ. ಔಷಧಿಗಳೂ ಕೆಲವೇ, ಅವು ಆರೋಗ್ಯ ಕೇಂದ್ರದಲ್ಲಿಯೇ ದೊರೆಯುವಂತೆ ಮಾಡಲಾಗಿದ್ದಿತು. ದಾಖಲೆಯ ಕ್ರಮವು ಸರಳವಾಗಿದ್ದಿತು. ಜಿಲ್ಲಾಕೇಂದ್ರದಲ್ಲಿ ಮನೋವೈದ್ಯರೂ ಇತರ ತಜ್ಞರೂ ಇದ್ದ ತಂಡವೊಂದಿದ್ದು, ತಿಂಗಳಿಗೊಮ್ಮೆ ಕೆಲಸದ ವಿಮರ್ಶೆ ನಡೆಯುತ್ತಿದ್ದಿತು. ಹೊಳಲಿನಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಂಥ ಅಂಚಿನ ಊರಿನಲ್ಲಿ ದುಡಿಯುವವನಿಗೆ, ತನಗೆ ತೋಚದ ರೋಗಿಯನ್ನು ಯಾರಲ್ಲಿ ಕೇಳಬೇಕು, ಯಾರ ಬಳಿಗೆ ಕಳಿಸಬೇಕು ಎಂಬುದು ನಿಶ್ಚಿತವಾಗಿದ್ದುದು ಅಲ್ಪ ವಿಷಯವಲ್ಲ. ನಾವು ಮೇಲೆ ವಿಂಗಡಿಸಿದ ಐದು ಕಾರಣಗಳಲ್ಲಿ ಹೊರೆ, ಏಕಾಂತ, ಕಾಗದಪತ್ರ ಎಂಬ ಮೂರಕ್ಕೆ ಇಲ್ಲಿ ತಕ್ಕಮಟ್ಟಿನ ಪರಿಹಾರವಿದ್ದಿತು.

ಈ ಭಾಗದಲ್ಲಿ ತಿರುಗಾಡುವಾಗ ನಾವು ನಿವೃತ್ತ ಆರೋಗ್ಯ ಕಾರ್ಯಕರ್ತೆಯೊಬ್ಬರೊಡನೆ ಮಾತನಾಡಿದೆವು. ಊರವರು ಅವರನ್ನು ಇಂದಿಗೂ ನರ್ಸಮ್ಮನೆಂದೇ ಕರೆಯುತ್ತಾರೆ. ಹೆರಿಗೆ, ಲಸಿಕೆ, ಮಲೇರಿಯದ ರಕ್ತಲೇಪನ, ಕುಟುಂಬ ಯೋಜನೆಯ ಗುರಿ—ಇವುಗಳ ಮೇಲೆ ಮನೋರೋಗಿಗಳ ಮನೆಭೇಟಿಯೂ ಬಂದು ಸೇರಿದಾಗ ಕಷ್ಟವಾಗಲಿಲ್ಲವೆ ಎಂದು ಕೇಳಿದೆವು. ನಡೆಯುವ ಕಷ್ಟವನ್ನು ಅವರು ಹೆಚ್ಚಾಗಿ ಎಣಿಸಲಿಲ್ಲ. ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ್ದವನೊಬ್ಬನು ಗುಳಿಗೆಯಿಂದ ಚೇತರಿಸಿ ಹೊಲಕ್ಕೆ ಹೋದುದನ್ನು ಕಂಡ ದಿನ ಊಟ ಸೇರಿತೆಂದರು. ಅವರು ನೊಂದು ಹೇಳಿದುದು ಬೇರೆ: ಗುಳಿಗೆ ಬರುವುದು ನಿಂತ ತಿಂಗಳುಗಳಲ್ಲಿ ಅದೇ ಮನೆಯ ಮುಂದೆ ಹಾದುಹೋಗಲಾರದೆ ಬೇರೆ ಓಣಿ ಹಿಡಿಯುತ್ತಿದ್ದರಂತೆ. ಬಳಲಿಕೆಯ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಮಾತು ನಮಗೆ ಗ್ರಂಥಗಳಲ್ಲಿ ದೊರೆತಿಲ್ಲ. ದುಡಿಮೆಯಿಂದ ಅವರು ಕುಗ್ಗಲಿಲ್ಲ. ಕೊಟ್ಟ ಭರವಸೆಯನ್ನು ಉಳಿಸಿಕೊಳ್ಳಲಾಗದ ಸ್ಥಿತಿಯಿಂದ ಕುಗ್ಗಿದರು.

ಬಳ್ಳಾರಿಯ ಮಾದರಿಯು ೧೯೯೬ರಲ್ಲಿ ದೇಶದ ನಾಲ್ಕು ಜಿಲ್ಲೆಗಳಿಗೆ ಹಬ್ಬಿತು. ಒಂಬತ್ತನೆಯ ಯೋಜನೆಯ ಕೊನೆಗೆ ೨೭ ಜಿಲ್ಲೆಗಳಾದುವು. ಇಂದು ೭೦೦ಕ್ಕೂ ಹೆಚ್ಚು ಜಿಲ್ಲೆಗಳಲ್ಲಿ ಈ ಕಾರ್ಯಕ್ರಮವಿದೆ. ಹರಡುವುದೂ ಬೇರೂರುವುದೂ ಒಂದೇ ಅಲ್ಲ. ತಜ್ಞರ ಹುದ್ದೆಗಳು ತುಂಬದಿರುವುದು, ಹಣವು ಬಳಕೆಯಾಗದೆ ಉಳಿಯುವುದು, ಮೇಲ್ವಿಚಾರಣೆ ಸಡಿಲವಾಗುವುದು—ಈ ದೋಷಗಳನ್ನು ಕಾರ್ಯಕ್ರಮದ ವಿಮರ್ಶಕರು ಮತ್ತೆ ಮತ್ತೆ ತೋರಿಸಿದ್ದಾರೆ. ಮಾದರಿಯ ಹೊರೆ ಎಲ್ಲೆಡೆಗೂ ಹೋಯಿತು. ಹೊರೆ ಹೊತ್ತವನಿಗೆ ಕೊಟ್ಟಿದ್ದ ಆಸರೆ ಎಲ್ಲೆಡೆಗೂ ಹೋಗಲಿಲ್ಲ. ನಿಮ್ಹಾನ್ಸ್ ನಡೆಸಿದ ೨೦೧೫–೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣವು ಶೇಕಡ ೭೦ರಿಂದ ೯೨ರವರೆಗೆ ಇದ್ದಿತು. ಈ ಅಂಕಿಯನ್ನು ರೋಗಿಯ ಕಡೆಯಿಂದ ಓದುವುದು ವಾಡಿಕೆ. ಚಿಕಿತ್ಸಕನ ಕಡೆಯಿಂದ ಓದಿದರೆ, ಅವನ ಬಾಗಿಲ ಹೊರಗೆ ಇನ್ನೂ ಎಷ್ಟು ಮಂದಿ ನಿಂತಿದ್ದಾರೆಂಬುದರ ಲೆಕ್ಕವೂ ಅದೇ ಆಗುತ್ತದೆ.

೭

ಈ ಚಿತ್ರದಲ್ಲಿ ಮಾಜಿ ಸೈನಿಕನ ಸ್ಥಾನವೆಲ್ಲಿ? ಹೊಳಲು ಸೀಮೆಯಿಂದಲೂ ಸೈನ್ಯಕ್ಕೆ ಹೋಗಿ ನಿವೃತ್ತರಾಗಿ ಬಂದವರಿದ್ದಾರೆ. ಬಳ್ಳಾರಿಯ ಪ್ರಯೋಗ ನಡೆಯುತ್ತಿದ್ದ ವರ್ಷಗಳಲ್ಲಿಯೇ, ೧೯೮೭ರಿಂದ ೧೯೯೦ರವರೆಗೆ, ಭಾರತದ ಸೈನ್ಯವು ಶ್ರೀಲಂಕೆಯಲ್ಲಿದ್ದಿತು. ೧೯೯೯ರಲ್ಲಿ ಕಾರ್ಗಿಲ್ ಯುದ್ಧವಾಯಿತು. ಅಮೆರಿಕದ ವರ್ಗೀಕರಣದಲ್ಲಿ ಆಘಾತೋತ್ತರ ಮನೋಯಾತನೆಗೆ ೧೯೮೦ರಲ್ಲಿಯೇ ಹೆಸರು ದೊರೆತಿದ್ದರೂ ಬಳ್ಳಾರಿಯಲ್ಲಿ ಆದ್ಯತೆಯೆಂದು ಕಲಿಸಿದ ರೋಗಗಳಲ್ಲಿ ಯುದ್ಧಾನುಭವಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ಮಾಜಿ ಸೈನಿಕರ ಅಂಶದಾನಿ ಆರೋಗ್ಯ ಯೋಜನೆಯು ೨೦೦೩ರಿಂದ ಜಾರಿಯಲ್ಲಿದೆ. ಆದರೆ ಅದರ ಚಿಕಿತ್ಸಾಲಯಗಳು ಊರೂರಿಗೆ ಇರುವಂಥವಲ್ಲ. ಆದುದರಿಂದ ಹಳ್ಳಿಯ ಮಾಜಿ ಸೈನಿಕನು ತನ್ನ ನಿದ್ರಾಹೀನತೆಯನ್ನೋ, ಕುಡಿತವನ್ನೋ, ಮನೆಯವರ ಮೇಲಿನ ಸಿಟ್ಟನ್ನೋ ಹೊತ್ತು ಮೊದಲು ಬರುವುದು ಸಮೀಪದ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ಅವನು ಸೈನಿಕನಾಗಿ ಅಲ್ಲ, ಹೊರರೋಗಿಗಳ ಸಾಲಿನಲ್ಲಿ ಒಬ್ಬನಾಗಿ ನಿಲ್ಲುತ್ತಾನೆ. ಅವನ ವೃತ್ತಾಂತವನ್ನು ಕೇಳಲು ಅರ್ಧ ಗಂಟೆಯಾದರೂ ಬೇಕು; ಸಾಲು ಅಷ್ಟು ಕಾಲವನ್ನು ಕೊಡುವುದಿಲ್ಲ. ಕೇಳದೆ ಕಳಿಸಿದ ವೈದ್ಯನು ಅದನ್ನು ಮರೆತರೂ ಒಂದು ನಷ್ಟ, ಮರೆಯದೆ ಕೊರಗಿದರೂ ಒಂದು ನಷ್ಟ.

ಸ್ಥಿತಿಯು ಎಲ್ಲ ದಿಕ್ಕಿನಲ್ಲಿಯೂ ನಿರಾಶಾದಾಯಕವೆಂದು ಹೇಳಲಾಗದು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮೂಲಕ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿದೆ. ಸೇನಾಪಡೆಗಳಿಗಾಗಿ ಅದರದೇ ಒಂದು ಘಟಕವು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ೨೦೨೩ರಲ್ಲಿ ತೆರೆಯಿತು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು, ಅದು ಜಾರಿಗೆ ಬಂದ ೨೦೧೮ರಿಂದ ಹತ್ತು ವರ್ಷಗಳೊಳಗೆ ಜನಸಂಖ್ಯೆಗೆ ತಕ್ಕಷ್ಟು ಮನೋವೃತ್ತಿಪರರಿರುವಂತೆ ಸರ್ಕಾರವು ಪ್ರಯತ್ನಿಸಬೇಕೆಂದು ವಿಧಿಸಿದೆ. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ದೂರವಾಣಿಯ ಆ ತುದಿಯಲ್ಲಿ ಕುಳಿತು ದಿನವೂ ಅಪರಿಚಿತರ ಸಂಕಟವನ್ನು ಕೇಳುವವರೂ ಮನುಷ್ಯರೇ ಎಂಬುದನ್ನು ಮರೆತರೆ ನಾವು ೧೯೧೭ರ ತಪ್ಪನ್ನೇ ಹೊಸ ಯಂತ್ರದಿಂದ ಮಾಡಿದಂತಾಗುತ್ತದೆ.

ಇಷ್ಟರಿಂದ ನಮಗೆ ತೋರುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಸೈನಿಕರ ಚಿಕಿತ್ಸಕನ ಬಳಲಿಕೆಯು ಅವನ ಹೃದಯದೌರ್ಬಲ್ಯವಲ್ಲ. ಅವನಿಗೆ ಒಪ್ಪಿಸಿದ ಕೆಲಸಕ್ಕೂ ಆ ಕೆಲಸಕ್ಕಾಗಿ ಕೊಟ್ಟ ಸಾಧನಕ್ಕೂ ಇರುವ ಅಂತರದ ಅಳತೆ. ವೈದ್ಯನನ್ನು ದೇವರೆಂದು ಕರೆಯುವ ನಮ್ಮ ಸಂಪ್ರದಾಯವು ಗೌರವಕ್ಕೆ ತಕ್ಕುದೇ; ಆದರೆ ದೇವರಿಗೆ ರಜೆ ಬೇಡ, ಜೊತೆಗಾರ ಬೇಡ, ಔಷಧದ ದಾಸ್ತಾನು ಬೇಡ ಎಂಬ ಆಡಳಿತದ ಅನುಕೂಲಕ್ಕೆ ಆ ಮಾತನ್ನು ಬಳಸಬಾರದು. ಸೈನಿಕನಿಗೆ ೧೯೪೬ರಲ್ಲಿ ಒಪ್ಪಿದ ಮಿತಿಯ ತತ್ತ್ವವನ್ನು ಚಿಕಿತ್ಸಕನಿಗೂ ಒಪ್ಪಬೇಕು. ಸರದಿಯ ಬಿಡುವು, ತಿಂಗಳ ವಿಮರ್ಶೆ, ಔಷಧದ ನಿರಂತರತೆ, ಸರಳವಾದ ದಾಖಲೆ—ಇವುಗಳಲ್ಲಿ ಬಿಡುವೊಂದನ್ನು ಬಿಟ್ಟರೆ ಉಳಿದುವೆಲ್ಲ ಬಳ್ಳಾರಿಯಲ್ಲಿ ಒಮ್ಮೆ ಇದ್ದುವೆಂಬುದನ್ನು ನೆನೆಯಬೇಕು. ಪಿಂಚಣಿಯ ಅರ್ಹತೆಯನ್ನು ನಿರ್ಣಯಿಸುವವನೂ ಚಿಕಿತ್ಸೆ ಮಾಡುವವನೂ ಬೇರೆಯಾಗಿರುವುದು ಇಬ್ಬರಿಗೂ, ರೋಗಿಗೂ ಹಿತವೆಂಬುದು ನಮ್ಮ ಅಭಿಪ್ರಾಯ.

ಕೊನೆಯದಾಗಿ ಇತಿಹಾಸದ ವಿದ್ಯಾರ್ಥಿಗಳಾಗಿ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ೧೯೮೫ರಿಂದ ೧೯೯೦ರವರೆಗಿನ ಪ್ರಯೋಗದಲ್ಲಿ ದುಡಿದ ವೈದ್ಯರೂ ಕಾರ್ಯಕರ್ತರೂ ಈಗ ವೃದ್ಧರಾಗಿದ್ದಾರೆ. ಅಂದಿನ ರೋಗಿಗಳ ದಾಖಲೆ ಪುಸ್ತಕಗಳು, ಭೇಟಿಯ ದಿನಚರಿಗಳು, ವಿಮರ್ಶಾಸಭೆಯ ಟಿಪ್ಪಣಿಗಳು ಆರೋಗ್ಯ ಕೇಂದ್ರಗಳ ಕಪಾಟುಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಹಳೆಯ ಕಾಗದವೆಂದು ವಿಲೇವಾರಿಯಾಗುವ ಮೊದಲು ರೋಗಿಗಳ ಹೆಸರುಗಳನ್ನು ಗೋಪ್ಯವಾಗಿಟ್ಟು ಅವನ್ನು ಸಂರಕ್ಷಿಸಬೇಕು. ಆ ಕಾರ್ಯಕರ್ತರ ನೆನಪುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಈ ಸೀಮೆಯ ಮಾಜಿ ಸೈನಿಕರ ಅನುಭವಗಳನ್ನೂ ಅವರ ಒಪ್ಪಿಗೆಯಿಂದ ಅದೇ ರೀತಿ ಸಂಗ್ರಹಿಸಬೇಕು. ವೀರಗಲ್ಲುಗಳನ್ನು ಹುಡುಕಿ ಪ್ರತಿಮಾಡಿಕೊಳ್ಳುವ ಶ್ರದ್ಧೆಯನ್ನು ನಮ್ಮ ವಿಭಾಗಗಳು ಈ ಕಾಗದಗಳ ವಿಚಾರದಲ್ಲಿಯೂ ತೋರಿಸುವುದಾದರೆ, ಬದುಕಿ ಮರಳಿದವರ ಮತ್ತು ಅವರ ಬಳಿ ಕುಳಿತವರ ಚರಿತ್ರೆಯನ್ನು ಮುಂದಿನವರು ಇದಕ್ಕಿಂತ ಪೂರ್ಣವಾಗಿ ಬರೆಯಬಲ್ಲರು.